ಒಂಟಿಗಣ್ಣಿನ ಕಾರು, ಅಕ್ಕನ ಚೊಚ್ಚಲು ಹೆರಿಗೆ

ಇದರಲ್ಲಿ ಒಂದು ಮಾತು ಸುಳ್ಳಾದರೂ ತುಮಕೂರು ಬಸ್‌ಸ್ಟ್ಯಾಂಡಿನ ನಡುವೆ ಕಿವಿ ಹಿಡಿದು ಬಸ್ಕಿ ಹೊಡೆಯುತ್ತೇನೆ. ಹಳೇ ಕಾರು ಇಟ್ಟುಕೊಂಡವನಿಗೆ ಇಂಥವು ಆಗುತ್ತಲೇ ಇರುತ್ತವೆ. ನನಗೆ ಒಂದು ಕೈ ಹೆಚ್ಚು, ಯಾಕೆಂದರೆ ಮೆಕ್ಯಾನಿಕ್ಕನ್ನು ಹುಡುಕಿಕೊಂಡು ಹೋಗುವ ಪೈಕಿ ನಾನಲ್ಲ. ನಾನು ಸ್ಪ್ಯಾನರ್ ಹಿಡಿದರೆ ರಸ್ತೆಯಲ್ಲಿ ಹೋಗುವ ಲಾರಿಯೂ ನಿಂತು ನೋಡುತ್ತಿತ್ತು.

ಎಪ್ಪತ್ತರ ದಶಕದ ಕೊನೆಯ ಮಾತು. ಅಕ್ಕ ಚೊಚ್ಚಲು ಹೆರಿಗೆಗೆ ಸಿ.ಎಸ್. ಪುರದ ನಮ್ಮ ಮನೆಗೆ ಬಂದಿದ್ದಳು. ಮಗು ಅಡ್ಡ ಇದೆ, ನೋವು ಕಾಣಿಸಿದ ಕೂಡಲೇ ತುಮಕೂರಿಗೆ ಕರೆತನ್ನಿ, ತಡ ಮಾಡಬೇಡಿ ಎಂದು ಡಾಕ್ಟರಮ್ಮ ಎಚ್ಚರಿಸಿದ್ದರು. ಕುಣಿಗಲ್ಲಿನ ಭಾವ ರಜೆ ಹಾಕಿ ಬಂದು ನಮ್ಮ ಜಗಲಿಯ ಮೇಲೆ ದಿಗಿಲುಬಿದ್ದು ಕೂತಿದ್ದ.

"ಕತ್ಲಾದ್ಮೇಲೆ ನೋವು ಬಂದ್ರೆ ಏನಯ್ಯ ಗತಿ?" ಅಂದ.

"ನನ್ನ ಕಾರಿದೆಯಲ್ಲ ಭಾವ!"

"ಅದಕ್ಕೇ ಕಣಯ್ಯ ದಿಗಿಲು."

೧. ಕಪ್ಪು ಬಣ್ಣ

ಆಗೆಲ್ಲ ಹೆಡ್‌ಲೈಟ್ ಗಾಜಿನ ಮೇಲರ್ಧಕ್ಕೆ ಕಪ್ಪು ಬಳಿಯಬೇಕಿತ್ತು, ಎದುರು ಬರುವವರ ಕಣ್ಣಿಗೆ ಹೊಡೆಯಬಾರದೆಂದು. ನಮ್ಮ ಕಾರಿನದು ಉದುರಿಹೋಗಿತ್ತು. ಎರಡೂ ಗಾಜು ಬಿಚ್ಚಿ, ಜಗಲಿಯ ಮೇಲಿಟ್ಟುಕೊಂಡು, ದೇವರ ಪಟಕ್ಕೆ ಬಣ್ಣ ಹಾಕುವವನ ಹಾಗೆ ಬಳಿದೆ. ಗಾಜಿನೊಳಗಿನ ಗೆರೆಗಳಿಗೂ ಮೇಲು ಕೆಳಗು ಇರುತ್ತದೆಂದು ಯಾರಿಗೆ ಗೊತ್ತು? ಎರಡನ್ನೂ ತಲೆಕೆಳಗಾಗಿ ಕೂರಿಸಿಬಿಟ್ಟಿದ್ದೆ.

ಸಂಜೆ ಭಾವನನ್ನು ಕೂರಿಸಿಕೊಂಡು ತೋಟದ ಹಾದಿಗೆ ಹೋಗಿ ಲೈಟು ಹಾಕಿದೆ. ರಸ್ತೆಯೆಲ್ಲ ಕತ್ತಲು. ಬೆಳಕು ಪೂರ್ತಿ ತೆಂಗಿನಮರಗಳ ಸುಳಿಯಲ್ಲಿ.

"ರಸ್ತೆ ಯಾವಾಗ ಮರ ಹತ್ತಿತು?" ಅಂತ ಭಾವ ಕೇಳುವಷ್ಟರಲ್ಲಿ ಒಂದು ಮರದ ತುದಿಯಿಂದ ಗೋಳು ಕೇಳಿಸಿತು. "ಇಳೀತೀನಿ ಸ್ವಾಮಿ! ಎಳನೀರೆಲ್ಲ ಇಲ್ಲೇ ಬುಟ್ಟೋಯ್ತೀನಿ, ಸ್ಟೇಷನ್ ಮಾತ್ರ ಬ್ಯಾಡಿ!"

ಸೀಟು ಬಿಟ್ಟೇಳದೆ ಕಳ್ಳನನ್ನು ಹಿಡಿದವನು ಗುಬ್ಬಿ ತಾಲ್ಲೂಕಿನಲ್ಲಿ ನಾನೊಬ್ಬನೇ. ಭಾವ ಮಾತ್ರ ಎಳನೀರು ಕುಡಿದು ಬಾಯಿ ಒರೆಸಿಕೊಂಡು ಅಂದ, "ನಮಗೆ ಬೇಕಾಗಿರೋದು ಆಸ್ಪತ್ರೆ ದಾರಿ ಕಣಯ್ಯ, ಕಳ್ಳನಲ್ಲ."

೨. ಬಲ್ಬಿಗೆ ಪೂಜೆ

ಮಾರನೇ ದಿನ ಗಾಜು ತಿರುಗಿಸಿ ಹಾಕಿದೆ. ಹಾಕುವಾಗ ಬಲಗಡೆಯ ಬಲ್ಬು ಒಡೆಯಿತು. ತಪ್ಪು ಬಲ್ಬಿನದು. ತುಮಕೂರಿಗೆ ಹೋಗಿ ಹೊಸದು ತಂದೆ.

ಮನೆಗೆ ಹೊಸದೇನು ಬಂದರೂ ಅಮ್ಮ ಮೊದಲು ದೇವರ ಮುಂದಿಡಬೇಕು. ಬಲ್ಬಿಗೆ ಕೊಬ್ಬರಿ ಎಣ್ಣೆ ಸವರಿ, ಅರಿಶಿನ ಕುಂಕುಮ ಮೆತ್ತಿ ಕೊಟ್ಟಳು. ಒರೆಸಲು ಹೋದರೆ, "ಒರೆಸಬೇಡ್ವೋ! ಬಸುರಿ ಕೂರೋ ಕಾರು" ಎಂದು ಗದರಿದಳು. ಹಾಗೇ ಹಾಕಿದೆ. ಸ್ವಿಚ್ ಒತ್ತಿದರೆ ಮೊದಲು ಕೆಂಪು ಬೆಳಕು, ಆಮೇಲೆ ಹೊಗೆ, ಆಮೇಲೆ ಒಗ್ಗರಣೆ ಸೀದ ವಾಸನೆ. ಕೊನೆಗೆ ಟಪ್ಪೆಂದಿತು.

ಅಮ್ಮ ಜಗ್ಗಲಿಲ್ಲ. "ನೋಡ್ದಾ? ಮಗಳಿಗೆ ಬರೋ ಗಂಡಾಂತರ ಬಲ್ಬು ತಗೊಂಡೋಯ್ತು."

ಭಾವ ಓಡಿ ಬಂದು ಎಡಗಡೆಯ ಲೈಟಿಗೆ ಅಡ್ಡ ನಿಂತ. "ಅತ್ತೆ, ಇದೊಂದನ್ನ ಗಂಡಾಂತರಕ್ಕೆ ಕೊಡಬೇಡಿ!"

೩. ಒಂಟಿಗಣ್ಣು

ಇನ್ನೊಂದು ಬಲ್ಬು ತರುವ ಮೊದಲೇ, ಮಾರನೇ ಸಂಜೆ ದೀಪ ಹಚ್ಚುವ ಹೊತ್ತಿಗೆ, ಅಕ್ಕನಿಗೆ ನೋವು ಬಂತು. ಹಿಂದಿನ ಸೀಟಿನಲ್ಲಿ ಅಮ್ಮ, ಅಕ್ಕ, ಭಾವ. ಮುಂದೆ ನಾನು, ಒಂದೇ ಲೈಟು.

ಎದುರಿಗೆ ಬಂದ ಲಾರಿಯವನು ನಮ್ಮನ್ನು ಸ್ಕೂಟರ್ ಅಂದುಕೊಂಡು ನೇರ ಮೇಲೇ ಬಂದ. ನಾನು ಪಕ್ಕದ ರಾಗಿಹೊಲಕ್ಕೆ ಇಳಿಸಿದೆ. ಮೊದಲು ಬಾಯಿ ಬಿಟ್ಟವಳು ಅಕ್ಕ. "ಲೋ, ನನ್ನ ಹೆರಿಗೆ ಹೊಲದಲ್ಲೇ ಮಾಡಿಸ್ತೀಯೇನೋ ಮುಠ್ಠಾಳ!"

ಮತ್ತೆ ರಸ್ತೆಗೆ ಹತ್ತಿದ ಮೇಲೆ ಭಾವ ನನ್ನ ಹಿಂದಿನ ಕಿಟಕಿಯಿಂದ ಸೊಂಟದವರೆಗೆ ಹೊರಗೆ ಬಂದು, ಕೆಟ್ಟ ಲೈಟಿನ ಬದಲು ಟಾರ್ಚು ಹಿಡಿದ. ಮುಂದಿನ ಲಾರಿ ಮರ್ಯಾದೆಯಿಂದ ಪಕ್ಕಕ್ಕೆ ಸರಿಯಿತು. ಅದರ ಕ್ಲೀನರ್ ಮಾತ್ರ ಕೂಗಿದ, "ಏನ್ ಸ್ವಾಮಿ, ರಸ್ತೇಲಿ ಏನ್ ಕಳ್ಕೊಂಡ್ರಿ?"

"ಬುದ್ಧಿ!" ಅಂದ ಭಾವ. "ಈ ಕಾರು ಹತ್ತುವಾಗಲೇ!"

೪. ಗ್ಯಾಸ್‌ಲೈಟು

ಗುಬ್ಬಿಗೆ ಬರುತ್ತಿದ್ದಂತೆ ಎಡಗಡೆಯ ಲೈಟೂ ಹೋಯಿತು. ಟಾರ್ಚು ಮಿಣುಕು ಹುಳವಾಯಿತು. ಬಲ್ಬಿನ ಅಂಗಡಿಗೆ ಬೀಗ. ಪಕ್ಕದವನು, "ಅವ್ರು ಮದ್ವೆ ಮೆರವಣಿಗೇಲವ್ರೆ" ಅಂದ. ಅಕ್ಕ ಸೀಟು ಕಚ್ಚಿ ಹಿಡಿದಿದ್ದಳು. "ಇನ್ನು ತಡ್ಕೊಳಕ್ಕಾಗಲ್ಲ ಕಣೋ" ಅಂದಳು, ಈ ಸಲ ಬೈಯದೆ. ಅವಳು ಬೈಯದೇ ಹೋದದ್ದಕ್ಕೇ ನನಗೆ ನಿಜವಾದ ದಿಗಿಲು ಹತ್ತಿದ್ದು.

ಮೆರವಣಿಗೆ ಹುಡುಕಿ ನುಗ್ಗಿದೆವು. ಅಂಗಡಿಯವನು ಎಲ್ಲೂ ಕಾಣಲಿಲ್ಲ. ಕಂಡದ್ದು ತಲೆಮೇಲೆ ಹೊತ್ತ ಗ್ಯಾಸ್‌ಲೈಟುಗಳು. ಗಂಡಿನ ತಂದೆ ಕಾರಿನೊಳಗೆ ಬಗ್ಗಿ ಅಕ್ಕನ ಮುಖ ನೋಡಿದವರೇ, "ಎರಡು ತಗೊಂಡೋಗ್ರಪ್ಪ, ಮೊದಲು ಹೊರಡಿ!" ಅಂದರು. ಎಡ ಮಡ್‌ಗಾರ್ಡಿನ ಮೇಲೆ ಲೈಟಿನವನು ಕೂತ, ಬಲಕ್ಕೆ ಭಾವ. ಸ್ಟೇರಿಂಗ್ ಹಿಡಿದು ನಾನು ಹೊರಟೆ.

ದೀಪ ಎತ್ತ ಹೋದರೆ ಅತ್ತ ಹೋಗುವುದು ವಾಲಗದವರ ರೂಢಿ. ಅವರು ಊದುತ್ತಾ ನಮ್ಮ ಹಿಂದೆ ಬಂದರು. ಅವರ ಹಿಂದೆ ಮದುವೆಗಂಡು. ಊರಾಚೆ ಕತ್ತಲಾದಾಗಲೇ ಅವರಿಗೆ ಎಚ್ಚರವಾದದ್ದು.

ತುಮಕೂರಿನ ಆಸ್ಪತ್ರೆ ಗೇಟಿನಲ್ಲಿ ಕಾವಲುಗಾರ ಅಡ್ಡ ಬಂದ. "ಛತ್ರ ಮುಂದಿನ ಬೀದೀಲಿದೆ ಸ್ವಾಮಿ. ಹೆಣ್ಣೆಲ್ಲಿ?"

ಹಿಂದಿನ ಸೀಟಿನಿಂದ ಅಕ್ಕ ಗುಡುಗಿದಳು, "ಹೆಣ್ಣು ನಾನೇ ಕಣಯ್ಯ! ಮದ್ವೆಯಾಗಿ ವರ್ಷ ಕಳೀತು, ಈಗ ಗೇಟ್ ತೆಗಿ!"

ಬೈಗುಳ ಕೇಳಿ ನನಗೆ ಜೀವ ಬಂತು. ಸ್ವಲ್ಪ ಹೊತ್ತಿಗೆ ಡಾಕ್ಟರಮ್ಮ ಹೊರಗೆ ಬಂದು, "ಗಂಡು ಮಗು, ಇಬ್ಬರೂ ಕ್ಷೇಮ. ಸರಿಯಾದ ಹೊತ್ತಿಗೆ ಬಂದಿರಿ" ಅಂದರು.

ಎಲ್ಲವೂ ನಿಜ. ಒಂದೇ ಒಂದು ಸಣ್ಣ ಸಂಗತಿ ಮಾತ್ರ ನಾನು ಕಟ್ಟಿ ಹೇಳಿದ್ದು. ಗುಬ್ಬಿಯಿಂದ ಮುಂದಕ್ಕೆ ಸ್ಟೇರಿಂಗ್ ಹಿಡಿದಿದ್ದವನು ಭಾವ. ಮಡ್‌ಗಾರ್ಡಿನ ಮೇಲೆ ಗ್ಯಾಸ್‌ಲೈಟು ತಬ್ಬಿಕೊಂಡು, "ನಿಧಾನ ಭಾವ, ಅಯ್ಯೋ ನಿಧಾನ!" ಎಂದು ತುಮಕೂರಿನವರೆಗೂ ಅರಚಿಕೊಂಡು ಹೋದವನು ನಾನು.