ಮೂರನೆಯ ತುಂಡು

ರಗಳೆಗೆಲ್ಲ ಮೂಲ, ಫೋನ್ ಲೈನು ಒಂದೇ ಇದ್ದು ಅದನ್ನು ನಂಬಿದ ಮನೆಗಳು ಎರಡಾಗಿದ್ದದ್ದು. ಕೆಳಗಿನ ಮನೆ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವ ಗಾಜಣ್ಣನದು. ಮೇಲಿನದು ಅತ್ತೆಮ್ಮನದು. ಅವರು ಯಾರಿಗೂ ಅತ್ತೆಯಲ್ಲ, ಆದರೂ ಬೀದಿಗೆಲ್ಲ ಅತ್ತೆಮ್ಮ. ಅವರ ಮಂಡಿನೋವಿಗೆ ಮರುಗಿ ಗಾಜಣ್ಣನೇ ತನ್ನ ಫೋನಿನಿಂದ ತಂತಿ ಎಳೆದು ಮೇಲೊಂದು ಫೋನು ಇಟ್ಟುಕೊಟ್ಟಿದ್ದ.

ಗಾಜಣ್ಣನ ಬಳಿ ಒಂದು ಪುಟ್ಟ ಕಂಪ್ಯೂಟರ್ ಇತ್ತು. ಅದನ್ನು ಮಾಡಿದ ಕಂಪನಿ ಬಾಗಿಲು ಹಾಕಿ ಎಷ್ಟೋ ಕಾಲವಾಗಿತ್ತು. ಆದರೂ ಆ ಯಂತ್ರದ ಮೋಹ ಬಿಡದ ನಲವತ್ತು ಮಂದಿ ಎಲ್ಲೆಲ್ಲಿಂದಲೋ ಫೋನ್ ತಂತಿಯ ಮೂಲಕ ಒಂದೆಡೆ ಸೇರಿ, ಅದಕ್ಕೆಂದು ಬರೆದ ಪ್ರೋಗ್ರಾಮುಗಳನ್ನು ಪುಕ್ಕಟೆಯಾಗಿ ಹಂಚಿಕೊಳ್ಳುತ್ತಿದ್ದರು. ಒಬ್ಬರ ಮುಖ ಒಬ್ಬರು ಕಂಡವರಲ್ಲ. ಮೂರು ವರ್ಷದಿಂದ ಗಾಜಣ್ಣ ಅವರಿಂದ ತೆಗೆದುಕೊಂಡದ್ದೇ ಬಂತು, ಕೊಟ್ಟದ್ದು ಸೊನ್ನೆ. ಊಟದ ಹೊತ್ತಿಗೆ ಮಾತ್ರ ಹಾಜರಾಗುವ ನೆಂಟನ ಹಾಗೆ ಒಳಗೊಳಗೇ ನಾಚಿಕೆ.

ಕೊನೆಗೆ ಯಾರೋ ಪುಣ್ಯಾತ್ಮ ದೊಡ್ಡ ಯಂತ್ರಗಳಿಗೆ ಬರೆದು, ‘ಬೇಕಾದವರು ತಗೊಳ್ಳಿ, ತಿದ್ದಿ, ಹಂಚಿ’ ಎಂದು ಬಿಟ್ಟುಕೊಟ್ಟಿದ್ದ ಪತ್ರ ಬರೆಯುವ ಪ್ರೋಗ್ರಾಮನ್ನು ಗಾಜಣ್ಣ ತಮ್ಮ ಪುಟ್ಟ ಯಂತ್ರಕ್ಕೆ ಒಗ್ಗಿಸಲು ಕೂತ. ಪೈಲ್ವಾನನ ಕೋಟನ್ನು ಬಿಚ್ಚಿ ಕೂಸಿಗೆ ಹೊಲಿದಂಥ ಕೆಲಸ. ಎಂಟು ತಿಂಗಳು ಹಿಡಿಯಿತು.

ಆ ಭಾನುವಾರ ಬೆಳಿಗ್ಗೆ ಅದನ್ನು ಗುಂಪಿಗೆ ಕಳಿಸಬೇಕಿತ್ತು.

“ಎರಡು ಗಂಟೆ ಯಾರೂ ಫೋನ್ ಮುಟ್ಟಬಾರ್ದು ಕಣೇ. ಎತ್ತಿದ್ರೆ ಎಲ್ಲಾ ಮೊದಲಿಂದ,” ಎಂದ ಹೆಂಡತಿಗೆ.

“ನಾನ್ಯಾಕೆ ಮುಟ್ಲಿ? ಅತ್ತೆಮ್ಮಂಗೆ ಹೇಳಿದೀರಾ?”

“ಹೇಳ್ದೆ. ಹೂಂ ಅಂದ್ರು.”

ಅತ್ತೆಮ್ಮ ಹೂಂ ಅಂದದ್ದು ನಿಜವೇ. ಆದರೆ ‘ಎರಡು ಗಂಟೆ’ ಎಂಬುದನ್ನು ಅವರು ‘ಎರಡು ಗಂಟೆಗೆ’ ಎಂದು ಕೇಳಿಸಿಕೊಂಡಿದ್ದರು. ಹತ್ತೂವರೆಗೆ ನಿಶ್ಚಿಂತೆಯಾಗಿ ಫೋನು ಎತ್ತಿದರು. ಬಾಲ ಸಿಕ್ಕಿಸಿಕೊಂಡ ಬೆಕ್ಕಿನಂತೆ ಕಿವಿಯೊಳಗೆ ಏನೋ ಕಿರುಚಿತು.

ಕೆಳಗೆ ಪರದೆಯ ಮೇಲೆ ‘ಸಂಪರ್ಕ ಕಡಿದಿದೆ’ ಎಂದು ಬಂತು. ಗಾಜಣ್ಣ ಎರಡೆರಡು ಮೆಟ್ಟಿಲು ಹಾರಿ ಮೇಲೆ ಓಡಿದ.

“ಗಾಬರಿಯಾಗ್ಬೇಡಿ ಅತ್ತೆಮ್ಮ, ಅದು ನನ್ನ ಕಂಪ್ಯೂಟರ್ ಮಾತಾಡೋ ಸದ್ದು.”

“ಯಾರ ಜೊತೆ?”

“ದೂರದಲ್ಲಿರೋ ಇನ್ನೊಂದು ಕಂಪ್ಯೂಟರ್ ಜೊತೆ.”

“ಮಾತಲ್ಲ ಕಣಪ್ಪ ಅದು, ಜಗಳ. ಯಾರಾದ್ರೂ ಹೋಗಿ ಬಿಡಿಸ್ಬೇಕು.”

ಬಿಡಿಸುವವರನ್ನು ಕರೆಸಿದವರೂ ಅವರೇ. ಗಾಜಣ್ಣ ಮತ್ತೆ ಮೊದಲಿಂದ ಶುರುಮಾಡಿ ಮುಕ್ಕಾಲು ದಾರಿ ಸಾಗಿಸಿದ್ದ. ಅಷ್ಟರಲ್ಲಿ ಎದುರುಮನೆಯ ರೇಡಿಯೋ ಮಾಮ ಸ್ಕ್ರೂಡ್ರೈವರ್ ಸಮೇತ ಬಂದರು. ರೇಡಿಯೋ ರಿಪೇರಿಯಿಂದ ನಿವೃತ್ತರಾದ ಮೇಲೆ ಅವರು ಆರೋಗ್ಯವಾಗಿರುವ ಯಾವ ವಸ್ತುವನ್ನೂ ಬಿಚ್ಚದೆ ಬಿಟ್ಟವರಲ್ಲ. ಮೆಟ್ಟಿಲ ಗೋಡೆಯ ಮೇಲಿದ್ದ ಡಬ್ಬಿ ಬಿಚ್ಚಿ, ಲೈನು ಸತ್ತ ಮೇಲೆ ಹೆಮ್ಮೆಯಿಂದ ಕೂಗಿದರು: “ಒಂದು ತಂತಿ ಜಾಸ್ತಿ ಇತ್ತಪ್ಪ. ತೆಗೆದುಬಿಟ್ಟೆ!”

ಆ ಜಾಸ್ತಿ ತಂತಿಯನ್ನು ವಾಪಸ್ ಜೋಡಿಸುವ ಹೊತ್ತಿಗೆ ಮಧ್ಯಾಹ್ನ ಮೂರಾಯಿತು. ಗಾಜಣ್ಣನ ಮುಖ ಬಾಡಿ ಹೋಗಿದ್ದನ್ನು ಹೆಂಡತಿ ನೋಡಿದಳು. ಮೇಲೆ ಹೋಗಿ ಅತ್ತೆಮ್ಮನ ಎದುರು ಕೂತು, “ಮಂಡಿನೋವು ಹೇಗಿದೆ?” ಎಂದು ಕೇಳಿದಳು. ಇನ್ನು ಸಂಜೆಯವರೆಗೆ ಆ ಕಡೆಯ ಭಯವಿರಲಿಲ್ಲ.

ಗಾಜಣ್ಣ ಈ ಸಲ ಜಾಣನಾದ. ಕಡಿದರೂ ಎಲ್ಲವೂ ಹೋಗದಿರಲಿ ಎಂದು ಫೋಲ್ಡರಿನಲ್ಲಿದ್ದದ್ದನ್ನೆಲ್ಲ ಅವಸರದಲ್ಲಿ ಗಂಟುಕಟ್ಟಿ, ಮೂರು ತುಂಡು ಮಾಡಿ, ಒಂದೊಂದಾಗಿ ಕಳಿಸಿದ. ನಡುವೆ ರೇಡಿಯೋ ಮಾಮ ಜೋಡಣೆ ಗಟ್ಟಿಯಾಗಿದೆಯೇ ಎಂದು ನಾಲ್ಕಾರು ಸಲ ತಂತಿ ಜಗ್ಗಿದರು. ಗರಗರ ಸದ್ದಾಯಿತೇ ಹೊರತು ಲೈನು ಕಡಿಯಲಿಲ್ಲ. ಐದು ಗಂಟೆಗೆ ಮೂರನೆಯ ತುಂಡೂ ಹೋಗಿ ಸೇರಿತು. ಗಾಜಣ್ಣ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ.

ಆರೂವರೆಗೆ ತಡೆಯಲಾರದೆ ಮತ್ತೆ ಸಂಪರ್ಕ ಹಿಡಿದು ನೋಡಿದ. ಒಂದಲ್ಲ, ಎರಡಲ್ಲ, ಹನ್ನೊಂದು ಉತ್ತರ! ‘ಅದ್ಭುತ!’ ಎಂದಿದ್ದ ಒಬ್ಬ. ‘ಎಂಟು ತಿಂಗಳ ನಿಮ್ಮ ಶ್ರಮ ಸಾರ್ಥಕ’ ಎಂದಿದ್ದ ಇನ್ನೊಬ್ಬ. ‘ನಿಮ್ಮಂಥವರಿಂದ ಈ ಗುಂಪು ಉಳಿದಿದೆ’ ಎಂದಿದ್ದಳು ಮತ್ತೊಬ್ಬಳು. ಗಾಜಣ್ಣ ಒಬ್ಬನೇ ಕೂತು ನಕ್ಕ.

ಅಷ್ಟರಲ್ಲಿ ಹನ್ನೆರಡನೆಯದು ಬಂತು. ಗುಂಪಿನಲ್ಲಿ ‘ಬೆಕ್ಕಿನಮೀಸೆ’ ಎಂಬ ಹೆಸರಿನಲ್ಲಿ ಬರೆಯುವ, ಮುಲಾಜಿಲ್ಲದ ಮನುಷ್ಯನದು.

‘ಸ್ವಾಮೀ, ಎಲ್ಲರೂ ಸಂಕೋಚಪಡುತ್ತಿದ್ದಾರೆ, ನಾನೇ ಹೇಳಿಬಿಡುತ್ತೇನೆ. ನಿಮ್ಮ ಮೊದಲೆರಡು ತುಂಡುಗಳು ದಾರಿಯಲ್ಲೇ ಹಾಳಾಗಿವೆ. ಪ್ರೋಗ್ರಾಮು ಯಾರಲ್ಲೂ ತೆರೆದಿಲ್ಲ. ಮೂರನೆಯದರಲ್ಲಿ ಒಂದು ಪತ್ರ ಮಾತ್ರ ಸಿಕ್ಕಿತು. ಅದನ್ನು ಓದಿದ ಮೇಲೆ ಬರೆಯದಿರಲು ಮನಸ್ಸಾಗಲಿಲ್ಲ. ಬಹಳ ಚೆನ್ನಾಗಿದೆ. ದಯವಿಟ್ಟು ಮತ್ತೆ ಕಳಿಸಿ.’

ಪತ್ರವೇ? ಗಾಜಣ್ಣ ಫೋಲ್ಡರ್ ತೆರೆದು ಹುಡುಕಿದ. ಹೋದ ವಾರ, “ಸುಮ್ನೆ ಏನಾದ್ರೂ ಟೈಪ್ ಮಾಡಿ ನೋಡು” ಎಂದು ಹೆಂಡತಿಯನ್ನು ಕೂರಿಸಿದ್ದ. ಅಕ್ಷರಗಳು ಸರಿಯಾಗಿ ಮೂಡಿದ್ದಕ್ಕೆ ಹಿಗ್ಗಿದ್ದನೇ ಹೊರತು ಏನು ಬರೆದಳೆಂದು ಓದಿರಲಿಲ್ಲ. ಈಗ ಓದಿದ.

‘ನಮಸ್ಕಾರ. ನನ್ನ ಯಜಮಾನರು ಎಂಟು ತಿಂಗಳಿಂದ ನಿಮಗೋಸ್ಕರ ಇದನ್ನು ಮಾಡುತ್ತಿದ್ದಾರೆ. ಇದು ಏನೆಂದು ನನಗೆ ತಿಳಿಯದು. ಸರಿಹೋದ ದಿನ ಒಬ್ಬರೇ ಕೂತು ನಗುತ್ತಾರೆ, ಅದು ನೋಡಲು ಚೆಂದ. ಯಾರಾದರೂ ಅವರಿಗೆ ಒಂದು ಸಾಲು ಬರೆಯಿರಿ. ಚೆನ್ನಾಗಿಲ್ಲದಿದ್ದರೂ ಚೆನ್ನಾಗಿದೆ ಎಂದೇ ಬರೆಯಿರಿ.’

ಅವನು ಅದನ್ನು ಎರಡು ಸಲ ಓದಿದ. ಹೆಂಡತಿ ಮೆಟ್ಟಿಲಿಳಿದು ಬರುವ ಸದ್ದಾಯಿತು. ಪಟ್ಟನೆ ಪತ್ರ ಮುಚ್ಚಿದ.

“ಏನಾಯ್ತು? ಯಾರಾದ್ರೂ ಬರೆದ್ರಾ?”

“ಹನ್ನೆರಡು ಜನ.”

“ಏನಂತೆ?”

“ಚೆನ್ನಾಗಿದೆಯಂತೆ.”

ಅವಳ ಮುಖ ಅರಳಿತು. ಮಧ್ಯಾಹ್ನದಿಂದ ಮಂಡಿನೋವು ಕೇಳಿದ ದಣಿವೆಲ್ಲ ಇಳಿದಂತೆ ಕುರ್ಚಿಯ ತೋಳಿಗೆ ಒರಗಿ ನಿಂತಳು. ಗಾಜಣ್ಣ ಮೂರು ತುಂಡುಗಳನ್ನೂ ಮತ್ತೆ ಕಟ್ಟತೊಡಗಿದ.

“ಮತ್ತೇನ್ ಮಾಡ್ತಿದೀರಾ?”

“ಇನ್ನೊಂದ್ಸಲ ಕಳಿಸಿ ಅಂತಿದಾರೆ ಕಣೇ,” ಎಂದ ಗಾಜಣ್ಣ, ಪರದೆಯಿಂದ ಕಣ್ಣು ತೆಗೆಯದೆ. “ಅಷ್ಟು ಹಿಡಿಸ್ಬಿಟ್ಟಿದೆ ಅವ್ರಿಗೆ.”