ಭವಾನಿಪುರಂ ತಾತನ ಇತಿಹಾಸ ಪರೀಕ್ಷೆ

ನಮ್ಮ ಮನೆಯಲ್ಲಿ ಬದುಕಿರುವ ನೆಂಟರಿಗಿಂತ ಸತ್ತು ಶತಮಾನಗಳಾದ ರಾಜರಾಣಿಯರಿಂದಲೇ ಹೆಚ್ಚು ಜಗಳಗಳಾಗಿವೆ. ತಪ್ಪು ನನ್ನದೇ ಇರಬಹುದು. ಮೈಸೂರಿನಲ್ಲಿ ಇತಿಹಾಸ ಓದಿ ಬಿ.ಎ. ಮಾಡಿದವಳು ನಾನು, ಸುಮ್ಮನಿರುವ ವಿದ್ಯೆ ಆ ಪಠ್ಯದಲ್ಲಿರಲಿಲ್ಲ. ಎಂಬತ್ತರ ದಶಕದಲ್ಲಿ ಯಜಮಾನರ ಬ್ಯಾಂಕು ನಮ್ಮನ್ನು ವಿಶಾಖಪಟ್ಟಣಕ್ಕೆ ವರ್ಗ ಮಾಡಿದ ಮೇಲೆ ಆದದ್ದನ್ನೆಲ್ಲ ತಾರೀಖು ಹಾಕಿ ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಮಗಳ ಮದುವೆಯ ಕೆಲವು ಪುಟಗಳು ಇವು.

೧. ಹೆಣ್ಣು ನೋಡುವ ಶಾಸ್ತ್ರ

ಮಗಳು ತನ್ನ ಆಫೀಸಿನ ತೆಲುಗು ಹುಡುಗನನ್ನು ಮೆಚ್ಚಿದ್ದಳು. ಅವನ ಅಪ್ಪ, ಅಮ್ಮ ಒಪ್ಪಿದ್ದರು. ಆದರೆ ವಿಜಯವಾಡದ ಭವಾನಿಪುರಂನಲ್ಲಿದ್ದ ತಾತ, ರಿಟೈರಾದ ಹೆಡ್‌ಮಾಸ್ಟರು, ಹೂಂ ಅನ್ನದೆ ಆ ಮನೆಯಲ್ಲಿ ಹಾಲೂ ಉಕ್ಕುತ್ತಿರಲಿಲ್ಲ.

ಹೋದೆವು. ಹಾಡು ಬರುತ್ತಾ, ಅಡುಗೆ ಬರುತ್ತಾ ಎಂದು ಅವರು ಕೇಳಲಿಲ್ಲ. “ಈ ಸೀಮೆಯ ಚರಿತ್ರೆಯನ್ನು ರೂಪಿಸಿದ ಮೂವರನ್ನು ಹೇಳಮ್ಮಾ” ಎಂದರು. ಬಿ.ಕಾಂ. ಓದಿದ ಮಗಳು ಬೆವರಿದಳು. ಪಾಪ ಎಂದು ನಾನೇ ಬಾಯಿ ಹಾಕಿದೆ: “ನಮ್ಮ ವಿಜಯನಗರದ ಚಕ್ರವರ್ತಿ. ಸಿಂಹಾಚಲದವರೆಗೂ ಬಂದಿದ್ದರಲ್ಲ!”

“ನಿಮ್ಮ ಚಕ್ರವರ್ತಿಯಾ? ಕಾವ್ಯ ಬರೆದದ್ದು ತೆಲುಗಿನಲ್ಲಿ ಅಮ್ಮಾ.”

“ಆಳಿದ ಊರು ಹಂಪಿ, ಅದಿರುವುದು ಕರ್ನಾಟಕದಲ್ಲಿ.”

ಕಾಫಿ ತಟ್ಟೆ ಹಿಡಿದು ಬಾಗಿಲಿಗೆ ಬಂದಿದ್ದ ಹುಡುಗನ ಅಮ್ಮ ತಟ್ಟೆಯ ಸಮೇತ ಹಾಗೇ ಒಳಗೆ ಹೋದರು. ಮಗಳ ಕಣ್ಣು ತುಂಬಿತು. ಯಜಮಾನರು ನನ್ನ ಕಿವಿಯಲ್ಲಿ ಹೇಳಿದರು: “ರಾಜನ್ನ ಬಿಟ್ಟುಕೊಡೇ. ಅವನು ಸತ್ತಾಯ್ತು. ಈ ಹುಡುಗನಿಗೆ ಪರ್ಮನೆಂಟ್ ಕೆಲಸ ಇದೆ!”

೨. ಸಿಂಹಾಚಲದ ಕಂಬ

ತಾತ ಬೇಡವೆನ್ನಲಿಲ್ಲ, ಬೇಕೆಂದೂ ಹೇಳಲಿಲ್ಲ. “ಶಾಸನ ನೋಡಿ ಮುಂದಿನ ಮಾತು” ಎಂದು ಮುಂದಿನ ತಿಂಗಳು ವಿಶಾಖಪಟ್ಟಣಕ್ಕೇ ಬಂದುಬಿಟ್ಟರು. ಸಿಂಹಾಚಲದ ಬೆಟ್ಟದ ಮೇಲೆ, ಮಂಟಪದ ಒಂದು ಕಂಬದ ಎದುರು ಇಬ್ಬರೂ ಕನ್ನಡಕ ಏರಿಸಿ ನಿಂತೆವು. ಅವರು ಒಂದು ಅಕ್ಷರಕ್ಕೆ ಬೆರಳಿಟ್ಟು “ತೆಲುಗು” ಎನ್ನುವುದು, ನಾನು ಪಕ್ಕದ್ದಕ್ಕೆ ಬೆರಳಿಟ್ಟು “ಕನ್ನಡ” ಎನ್ನುವುದು. ಮಗಳೂ ಹುಡುಗನೂ ದೂರದಲ್ಲಿ ಪ್ರಸಾದದ ಪೊಟ್ಟಣ ಹಿಡಿದು, ಆಪರೇಷನ್ ಥಿಯೇಟರಿನ ಹೊರಗೆ ನಿಂತವರಂತೆ ನಿಂತಿದ್ದರು.

ಒಂದು ಗಂಟೆ ಕಳೆದ ಮೇಲೆ ಅರ್ಚಕರೊಬ್ಬರಿಗೆ ಸಹಿಸಲಾಗಲಿಲ್ಲ. “ರಾಜರ ಶಾಸನ ಆ ಕಡೆ ಇದೆಯಂಡಿ. ಇದು ಯಾರೋ ದೀಪಕ್ಕೆ ಎಣ್ಣೆ ಕೊಟ್ಟವನದು.”

ನಾನು ನಾಚಿ ಹಿಂದೆ ಸರಿದೆ. ತಾತ ಸರಿಯಲಿಲ್ಲ. ಕಂಬವನ್ನು ಇನ್ನೊಮ್ಮೆ ನೋಡಿ ಗಂಭೀರವಾಗಿ ಹೇಳಿದರು: “ಎಣ್ಣೆ ಕೊಟ್ಟವನೂ ನಮ್ಮವನೇ.”

೩. ಬಟ್ಟೆಯಲ್ಲಿ ಕಟ್ಟಿದ ಪುಸ್ತಕ

ಊರಿಗೆ ಹೋದ ತಾತ ಮೊಮ್ಮಗನ ಕೈಯಲ್ಲಿ ಹಳದಿ ಬಟ್ಟೆಯ ಗಂಟೊಂದನ್ನು ಕಳಿಸಿದರು. ಒಳಗೆ ಅವರೇ ಬರೆದ ಮುನ್ನೂರು ಪುಟಗಳ ಹಸ್ತಪ್ರತಿ: ಕೃಷ್ಣಾ ತೀರದಿಂದ ಸಮುದ್ರದವರೆಗಿನ ಮಹನೀಯರ ಚರಿತ್ರೆ. “ಓದಿ ಅಭಿಪ್ರಾಯ ಬರೆಯಿರಿ. ಆಮೇಲೆ ನನ್ನ ಮಾತು ಹೇಳುತ್ತೇನೆ.”

ಮಗಳು ನನ್ನ ಕೈಯಿಂದ ಪೆನ್ಸಿಲ್ ಕಿತ್ತುಕೊಂಡಳು. “ಅಮ್ಮಾ, ಪ್ಲೀಸ್. ಬಹಳ ಚೆನ್ನಾಗಿದೆ ಅಂತ ಒಂದೇ ಸಾಲು ಬರಿ. ನಿಂಗೆ ಇದು ಇತಿಹಾಸ, ನಂಗೆ ಜೀವನ.”

ಮಾತು ಕೊಟ್ಟೆ. ನನ್ನ ತೆಲುಗಿನಲ್ಲಿ ತಡವರಿಸುತ್ತ, ಬಾಯಿಗೆ ಬೀಗ ಹಾಕಿಕೊಂಡು ಓದಿದೆ. ನಲವತ್ತನೇ ಪುಟದಲ್ಲಿ ಒಬ್ಬ ರಾಣಿ ಜ್ವರದಿಂದ ತೀರಿಕೊಂಡಳು; ಕಣ್ಣಲ್ಲಿ ನೀರು ಬರುವಂತೆ ಬರೆದಿದ್ದರು. ಐವತ್ತೆರಡನೇ ಪುಟದಲ್ಲಿ ಅದೇ ರಾಣಿ ಕುದುರೆ ಏರಿ ಯುದ್ಧಕ್ಕೆ ಹೊರಟಳು!

ಎರಡು ದಿನ ತಡೆದುಕೊಂಡೆ. ಮೂರನೆಯ ದಿನ ಬೇರೆ ಪೆನ್ಸಿಲ್ ಹುಡುಕಿ ಅಂಚಿನಲ್ಲಿ ಬರೆದೆ: “ಈಕೆಯ ತಿಥಿಯೂ ಆಗಿಹೋಗಿರಬೇಕು. ದಯವಿಟ್ಟು ಕುದುರೆಯಿಂದ ಇಳಿಸಿ.”

೪. ತೀರ್ಪು

ಗಂಟು ವಾಪಸು ಹೋದ ಮೇಲೆ ಒಂದು ತಿಂಗಳು ಸದ್ದಿಲ್ಲ. ನಾನು ಬರೆದದ್ದು ಗೊತ್ತಾಗಿ ಮಗಳು ಮಾತು ಬಿಟ್ಟಳು. ಅನ್ನ ಬೇಕಾದರೂ ಅಪ್ಪನ ಮೂಲಕ ಕೇಳುತ್ತಿದ್ದಳು. ಕೊನೆಗೆ ಟೆಲಿಗ್ರಾಂ ಬಂತು: ಎಲ್ಲರೂ ಕೂಡಲೇ ಹೊರಟು ಬನ್ನಿ.

ಭವಾನಿಪುರಂನ ಹಜಾರದಲ್ಲಿ ಅವರ ಮನೆಯವರೆಲ್ಲ ಸಾಲಾಗಿ ನಿಂತಿದ್ದರು. ತಾತನ ತೊಡೆಯ ಮೇಲೆ ಹಸ್ತಪ್ರತಿ, ಮುಖ ಕೆಂಪು.

“ಈ ಪೆನ್ಸಿಲ್ ಯಾರದು?”

“ನನ್ನದೇ. ತಪ್ಪಾಗಿದ್ದರೆ ನನ್ನನ್ನು ಬೈಯಿರಿ, ಮಗಳದೇನೂ ಇಲ್ಲ” ಎಂದೆ.

ತಾತ ತಮ್ಮ ಮಗನತ್ತ ತಿರುಗಿದರು. “ಏರಾ, ನೀನು ಇದನ್ನ ಓದಿದೀಯಲ್ಲ?”

“ಓದಿದೀನಿ ನಾನ್ನಗಾರು. ಅದ್ಭುತ.”

“ಕೋಡಲಾ?”

ಸೊಸೆ ಸೆರಗು ಸರಿಮಾಡಿಕೊಂಡರು. “ಓದಿದೀನಿ ಮಾವಯ್ಯಗಾರು. ಆ ಯುದ್ಧ ಓದಿ ಅತ್ತುಬಿಟ್ಟೆ.”

“ಇಪ್ಪತ್ತು ವರ್ಷ!” ಮುದುಕರು ಗುಡುಗಿದರು. “ಇಪ್ಪತ್ತು ವರ್ಷದಿಂದ ಸತ್ತ ಹೆಂಗಸನ್ನ ನಾನು ಯುದ್ಧಕ್ಕೆ ಕಳಿಸ್ತಾ ಇದೀನಿ. ಈ ಮನೆಯಲ್ಲಿ ಒಬ್ಬರೂ ತಡೀಲಿಲ್ಲ!”

ಆಮೇಲೆ ಮೊಮ್ಮಗ. “ನೀನು ಎರಡು ಸಲ ಓದಿದೆ ಅಂದಿದ್ದೆ?”

ಹುಡುಗ ನೆಲ ನೋಡಿದ. ನನ್ನ ಮಗಳು ಅವನನ್ನು ನೋಡಿದ ನೋಟ ಇತ್ತಲ್ಲ, ಅದನ್ನು ಡೈರಿಯಲ್ಲಿ ಬರೆಯಲಾಗಲಿಲ್ಲ.

ತಾತ ಎದ್ದು ನನಗೆ ಕೈ ಮುಗಿದರು. “ಅಮ್ಮಾ, ನಿಮ್ಮ ಹುಡುಗಿ ನಮಗೆ ಪೂರ್ತಿ ಒಪ್ಪಿಗೆ. ಆದರೆ ಇಂಥ ಸುಳ್ಳುಗಾರನನ್ನ ನೀವು ಒಪ್ಪಬೇಕಲ್ಲ?”

ನಾನು ಬಾಯಿ ತೆರೆಯುವ ಮೊದಲೇ ಮಗಳು ಹೇಳಿದಳು: “ಮೊದಲಿಂದ ಕೊನೇತನಕ ಎಲ್ಲರೆದುರು ಜೋರಾಗಿ ಓದಿ ಮುಗಿಸಲಿ ತಾತಯ್ಯಾ. ಆಮೇಲೆ ಲಗ್ನ.”

ಪುರೋಹಿತರು ಮಾಘದಲ್ಲಿ ಒಳ್ಳೆಯ ಮುಹೂರ್ತ ತೆಗೆದುಕೊಟ್ಟಿದ್ದರು. ಹುಡುಗ ಆಗಿನ್ನೂ ನೂರತೊಂಬತ್ತನೇ ಪುಟದಲ್ಲಿದ್ದದ್ದರಿಂದ ಮದುವೆ ವೈಶಾಖದಲ್ಲಿ ನಡೆಯಿತು.