ನನ್ನ ಅಭಿವೃದ್ಧಿಯ ಅರ್ಜಿ

ನನ್ನ ನೆನಪನ್ನು ನಾನು ನಂಬುವುದು ಬಿಟ್ಟು ಕೆಲವು ತಿಂಗಳಾದವು. ಮರೆವು ಬಂದಿದೆ ಎಂದಲ್ಲ. ಬಂದಿದ್ದರೆ ವಯಸ್ಸಿನ ಮೇಲೆ ಹಾಕಿ ಸುಮ್ಮನಿರಬಹುದಿತ್ತು. ನನಗೆ ಎಲ್ಲವೂ ಚೆನ್ನಾಗಿ ನೆನಪಿರುತ್ತದೆ, ಮತ್ತು ಆ ಎಲ್ಲದರಲ್ಲೂ ನಾನು ಒಳ್ಳೆಯವನಾಗಿರುತ್ತೇನೆ. ಇಷ್ಟು ವರ್ಷ ಇತಿಹಾಸ ಪಾಠ ಮಾಡಿದವನಿಗೆ ಅಷ್ಟರಿಂದಲೇ ಅನುಮಾನ ಬರಬೇಕಿತ್ತು. ಆಕರ ಒಂದೇ ಇದ್ದು, ಅದೂ ರಾಜನನ್ನೇ ಹೊಗಳುತ್ತಿದ್ದರೆ ನಂಬಬೇಡಿ ಎಂದು ಮಕ್ಕಳಿಗೆ ಪ್ರತಿವರ್ಷ ಹೇಳುವವನೂ ನಾನೇ.

ರಾಯಚೂರಿನ ನಮ್ಮ ಕಾಲೇಜಿನಲ್ಲಿ ಅಧ್ಯಾಪಕರ ಅಭಿವೃದ್ಧಿ ನಿಧಿ ಎಂಬುದೊಂದಿದೆ. ಅರ್ಜಿ ಹಾಕಿ, ಸಮಿತಿ ಒಪ್ಪಿದರೆ, ಕಾಲೇಜೇ ಖರ್ಚು ಕೊಟ್ಟು ತರಬೇತಿಗೆ ಕಳಿಸುತ್ತದೆ. ಅರ್ಜಿಯ ನಮೂನೆ ಒಂಬತ್ತು ಪುಟ. ಅದನ್ನು ತುಂಬುವಷ್ಟು ಅಭಿವೃದ್ಧಿ ಹೊಂದಿದವರಿಗೆ ಮುಂದೆ ತರಬೇತಿಯೇ ಬೇಕಾಗುವುದಿಲ್ಲ ಎಂಬುದು ಸ್ಟಾಫ್ ರೂಮಿನ ಅಭಿಪ್ರಾಯ. ನಾನೂ ಅದರ ಗೊಡವೆಗೆ ಹೋದವನಲ್ಲ. ಆದರೆ ಈ ಸಲ ಹೈದರಾಬಾದಿನಲ್ಲಿ ಹತ್ತು ದಿನದ ಒಂದು ತರಬೇತಿ ಇತ್ತು. ನಿಜಾಮರ ಕಾಲದ ಉರ್ದು ಕಾಗದಪತ್ರಗಳನ್ನು ಓದುವುದು ಅದರ ವಿಷಯ. ಮಾನ್ವಿಯ ನಮ್ಮ ಮನೆಯ ಟ್ರಂಕಿನಲ್ಲಿ ಅಂಥ ಕಾಗದಗಳ ಒಂದು ಗಂಟೇ ಇದೆ. ಈ ಜಿಲ್ಲೆಯ ಇತಿಹಾಸದ ಬಗ್ಗೆ ಸಿಕ್ಕ ವೇದಿಕೆಯಲ್ಲೆಲ್ಲ ಭಾಷಣ ಮಾಡಿಕೊಂಡು ಬಂದಿರುವ ನಾನು ಅವುಗಳಲ್ಲಿ ಒಂದು ಸಾಲನ್ನೂ ಓದಲಾರೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ. ಹೇಳುವಾಗ ಆಗಿರಲಿಲ್ಲ, ಏಕೆಂದರೆ ಯಾರಿಗೂ ಹೇಳಿರಲಿಲ್ಲ.

ನಮ್ಮ ವಿಭಾಗದಲ್ಲಿ ಇದ್ದವರು ಇಬ್ಬರೇ. ನಾನು ಕಾಯಂ, ನಸ್ರೀನ್ ಮೇಡಂ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ, ಆರು ವರ್ಷದಿಂದ ದಿನಾ ದೇವದುರ್ಗದಿಂದ ಬಸ್ಸಿನಲ್ಲಿ ಬಂದು, ತಮ್ಮ ಪಾಠದ ಜೊತೆಗೆ ನನ್ನವನ್ನೂ ಅಷ್ಟಿಷ್ಟು ಮಾಡಿ ಹೋಗುತ್ತಿದ್ದವರು. ಅವರ ಅಜ್ಜ ತಾಲ್ಲೂಕು ಕಚೇರಿಯ ಎದುರು ಕೂತು ಜನರ ಅರ್ಜಿಗಳನ್ನು ಉರ್ದುವಿನಲ್ಲಿ ಬರೆದುಕೊಡುತ್ತಿದ್ದವರಂತೆ. ಮೊಮ್ಮಗಳಿಗೆ ಆ ಹಳೆಯ ಬರವಣಿಗೆ ಓದುವುದನ್ನು ಮನೆಯಲ್ಲೇ ಕಲಿಸಿದ್ದರು. ಕಲಿತದ್ದಕ್ಕೆ ಪ್ರಮಾಣಪತ್ರವಿಲ್ಲ, ಅಷ್ಟೆ. ಅದೊಂದಿದ್ದರೆ ಮುಂದಿನ ವರ್ಷದ ಅತಿಥಿಗಳ ಆಯ್ಕೆಯಲ್ಲಿ ಅವರ ಹೆಸರು ಮೇಲೆ ಬರುತ್ತಿತ್ತು. ಇಲ್ಲದಿದ್ದರೆ, ಹೊಸದಾಗಿ ಪಿಎಚ್.ಡಿ. ಮುಗಿಸಿ ಬಂದವರ ಕೆಳಗೆ ಬಿದ್ದು ಕೆಲಸವೇ ಹೋಗುವ ಸಂಭವವಿತ್ತು. ಆದರೆ ನಿಧಿ ಕಾಯಂ ಅಧ್ಯಾಪಕರಿಗೆ ಮಾತ್ರ ಎಂಬುದು ನಿಯಮ.

"ಖರೇ ಅಂದ್ರ ನೀವು ಹೋಗಬೇಕಿತ್ತು ನೋಡ್ರಿ ಮೇಡಂ," ಎಂದೆ. "ಏನ್ ಮಾಡೋದು? ಆ ರೂಲ್ ಮಾಡೋ ಮೀಟಿಂಗಿನ್ಯಾಗ ನಿಮ್ಮ ಪರವಾಗಿ ನಾ ಎಷ್ಟ್ ಬಡಿದಾಡೀನಿ ಅನ್ನೋದು ನನಗ ಗೊತ್ತು."

"ಹೌದ್ರೀ ಸರ್, ಹೇಳೀರಿ. ಭಾಳ ಸಲ ಹೇಳೀರಿ," ಎನ್ನುತ್ತ ಅವರು ನನ್ನ ಅರ್ಜಿಯನ್ನು ಟೈಪು ಮಾಡತೊಡಗಿದರು. 'ತರಬೇತಿಯ ಅಗತ್ಯ' ಎಂಬ ಎರಡು ಪುಟ ಬರೆದವರೂ ಅವರೇ. ನನಗೆ ಗೊತ್ತೇ ಇಲ್ಲದ ವಿದ್ಯೆಯ ಅಗತ್ಯ ನನಗೆ ಹೇಗೆ ತಿಳಿಯಬೇಕು?

"ಅರ್ಜಿದಾರರಿಗೆ ಈಗ ಎಷ್ಟು ಓದಾಕ ಬರ್ತದ ಅಂತ ಕೇಳ್ಯಾರ್ರೀ ಸರ್."

"ಸ್ವಲ್ಪ ಅಂತ ಬರೀರಿ."

"ಮೊದಲನೇ ಅಕ್ಷರ, ಅಲಿಫ್, ಗೊತ್ತದೇನ್ರಿ?"

"ಉದ್ದಕ ನಿಂತಿರ್ತದಲ್ಲ, ಅದಾ?"

"ಬರ್ತದಲ್ರೀ ಮತ್ತ! ಸ್ವಲ್ಪ ಅಂತನಾ ಬರೀತೀನಿ ತಗೋರಿ."

ಅರ್ಜಿಯ ಜೊತೆ ನಿಧಿಯ ನಿಯಮದ ಠರಾವಿನ ಪ್ರತಿಯನ್ನೂ ಲಗತ್ತಿಸಬೇಕಿತ್ತು. ಮೇಡಂ ಕಚೇರಿಗೆ ಹೋಗಿ, ಠರಾವು ಪುಸ್ತಕ ತೆಗೆಸಿ, ಆ ಪುಟದ ಜೆರಾಕ್ಸ್ ಮಾಡಿಸಿ, ಕೊನೆಯಲ್ಲಿ ಪಿನ್ನು ಹೊಡೆದು ತಂದುಕೊಟ್ಟರು. ಮರುದಿನ ಅದನ್ನು ಸೂಪರಿಂಟೆಂಡೆಂಟ್ ವೀರಣ್ಣನವರ ಮೇಜಿನ ಮೇಲಿಟ್ಟು ಸಹಿ ಮಾಡುತ್ತಿದ್ದಾಗ ಮೊದಲ ಬಾರಿಗೆ ಕೊನೆಯ ಪುಟ ಓದಿದೆ. 'ಅತಿಥಿ ಉಪನ್ಯಾಸಕರನ್ನು ಹೊರತುಪಡಿಸತಕ್ಕದ್ದು.' ಅದರ ಕೆಳಗೆ, ಸೂಚಕರು: ನಾನು.

ನಮ್ಮಲ್ಲಿ ಒಂದು ಪದ್ಧತಿಯಿದೆ. ಊರಿನ ಬಸ್ಸು ತಪ್ಪಬಾರದೆಂದು ಸದಸ್ಯರು ಸಭೆಗೆ ಮೊದಲೇ ಖಾಲಿ ಹಾಳೆಗೆ ಸಹಿ ಮಾಡಿಬಿಡುತ್ತಾರೆ. ಆಮೇಲೆ ವೀರಣ್ಣ ಠರಾವು ಬರೆದು, ಸೂಚಕರು ಯಾರು, ಅನುಮೋದಕರು ಯಾರು ಎಂದು ತಮಗೆ ತೋಚಿದಂತೆ ಹೆಸರು ಹಂಚುತ್ತಾರೆ. ನಾನು ಆ ಪದ್ಧತಿಯ ಸೆರಗು ಹಿಡಿದೆ.

"ಇದು ನೀವು ಹಾಕಿದ ಹೆಸರಲ್ರೀ ವೀರಣ್ಣ?"

"ಹೆಸರ್ ನಾ ಹಾಕಿರಬೌದ್ರೀ ಸರ. ಈ ಬಾಜೂಕ ಬರದದ್ದು ಯಾರ್ದು?"

ಅಂಚಿನಲ್ಲಿ, ಬಾಲ ಉದ್ದವಾಗಿ ಎಳೆಯುವ ನನ್ನದೇ ಅಕ್ಷರದಲ್ಲಿ, ಹೀಗಿತ್ತು: 'ಇವರು ಇಂದು ಇರುತ್ತಾರೆ, ನಾಳೆ ಹೋಗುತ್ತಾರೆ. ಇವರ ತರಬೇತಿಯಿಂದ ಕಾಲೇಜಿಗೆ ಲಾಭವಿಲ್ಲ.'

"ಅವತ್ತ ನಾ ಜಗಳಾಡಿದ್ದು ನೆನಪದ ನನಗ," ಎಂದೆ.

"ಆಡಿದ್ರಲ್ರೀ! ಚಹಾ ತಡಾ ಆತು ಅಂತ." ವೀರಣ್ಣ ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದರು. "ರೂಲ್ ಮಾಡಾವ್ರೂ ನೀವಾ, ಮರುಗಾವ್ರೂ ನೀವಾ. ನಡುವ ನನ್ನ ಯಾಕ ಹಿಡೀತೀರಿ? ಬ್ಯಾಡಾಗಿದ್ರ ಒಂದ್ ಪತ್ರ ಬರೀರಿ. ಸೂಚಕರಾ ಹಿಂದ ತಗೊಂಡ್ರ ಸೋಮವಾರ ಕಮಿಟಿಯೊಳಗ ರೂಲ್ ಹೋಗ್ತದ. ಮೇಡಮ್ಮಾರೂ ಅರ್ಜಿ ಹಾಕಬೌದು. ಆದರ ಒಂದು ಡಿಪಾರ್ಟ್‌ಮೆಂಟಿಗೆ ಒಬ್ಬರಾ, ನೋಡ್ರಿ ಮತ್ತ."

ಪತ್ರ ಬರೆದೆ. ಬರೆದದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ನೆನಪಿನ ಮೇಲೆ ಭರವಸೆಯಿಲ್ಲದ್ದರಿಂದ ಈಗ ಎದ್ದು ಹೋಗಿ ನೋಡಿಬಂದೆ. ಬರೆದದ್ದು ನಿಜ. ಚೀಲದಲ್ಲೇ ಇದೆ.

ರಜೆಯ ಅರ್ಜಿಗೆ, ನನ್ನ ತರಗತಿಗಳನ್ನು ತೆಗೆದುಕೊಳ್ಳುತ್ತೇನೆಂದು ಒಬ್ಬರು ಒಪ್ಪಿ ಸಹಿ ಹಾಕಬೇಕು. ಇನ್ನಾರು ಹಾಕುತ್ತಾರೆ? ನಸ್ರೀನ್ ಮೇಡಂ ನಿಂತಲ್ಲೇ ಹಾಕಿಕೊಟ್ಟರು.

"ಆರಾಮ ಹೋಗಿಬರ್ರಿ ಸರ್," ಎಂದರು. ಪೆನ್ನಿನ ಮುಚ್ಚಳ ಹಾಕುತ್ತ, "ಲಗತ್ತು ಎಲ್ಲಾ ನೋಡಿದ್ರಿಲ್ಲ? ಠರಾವು ಸರಿಯಾಗಿ ಬಂದದಲ್ರೀ, ಜೆರಾಕ್ಸ್‌ನ್ಯಾಗ?"

"ಸರಿಯಾಗಿ ಬಂದದ," ಎಂದೆ.

ನಮ್ಮಿಬ್ಬರ ನಡುವೆ ಆ ವಿಷಯವಾಗಿ ನಡೆದ ಮಾತು ಅಷ್ಟೆ. ಅವರು ಬೈದಿದ್ದರೆ ನನಗೂ ಒಂದಿಷ್ಟು ಸಮರ್ಥಿಸಿಕೊಳ್ಳಲು ಅವಕಾಶವಾಗುತ್ತಿತ್ತು.

ಹೈದರಾಬಾದಿನಲ್ಲಿ ಹತ್ತು ದಿನ ಹುಡುಗ ಹುಡುಗಿಯರ ನಡುವೆ ಕೂತು ಅಕ್ಷರ ತಿದ್ದಿದೆ. ಅಲಿಫ್ ಬಿಟ್ಟರೆ ಉಳಿದವೆಲ್ಲ ಒಂದರ ಹೆಗಲ ಮೇಲೊಂದು ಕೈ ಹಾಕಿಕೊಂಡು, ನನ್ನನ್ನು ಹೊರಗಿಟ್ಟು ಮಾತಾಡಿಕೊಳ್ಳುತ್ತಿದ್ದವು. ಕೊನೆಯ ದಿನ ಉರ್ದುವಿನಲ್ಲೇ ಬರೆದ ಪ್ರಮಾಣಪತ್ರ ಕೊಟ್ಟರು. ಅದು ನನ್ನದೇ ಎಂದು ನಂಬಿ ತಂದಿದ್ದೇನೆ.

ಹೊಸ ವರ್ಷದ ಅತಿಥಿಗಳ ಪಟ್ಟಿ ಬಂತು. ನಸ್ರೀನ್ ಮೇಡಂ ಹೆಸರು ಇರಲಿಲ್ಲ. ದೇವದುರ್ಗದ ಒಂದು ಖಾಸಗಿ ಶಾಲೆಯಲ್ಲಿ ಆರನೆಯ ತರಗತಿಗೆ ಸಮಾಜ ಪಾಠ ಹೇಳಲು ಸೇರಿದರೆಂದು ವೀರಣ್ಣ ಹೇಳಿದರು. ನನ್ನನ್ನು ನೋಡದೆ ಹೇಳಿದರು.

ಅಷ್ಟರಲ್ಲಿ ನಾನು ತರಬೇತಿಯ ವರದಿ ಒಪ್ಪಿಸುವ ಗಡುವು ಬಂತು. ಹಳೆಯ ದಾಖಲೆಯೊಂದನ್ನು ಓದಿ, ಅದರ ಕನ್ನಡ ಸಾರಾಂಶ ಬರೆದು ಜೋಡಿಸಬೇಕು. ಮಾನ್ವಿಯ ಗಂಟಿನಿಂದ ಚಿಕ್ಕದೊಂದು ಕಾಗದ ಆರಿಸಿ ನಾಲ್ಕು ದಿನ ಅದರೊಡನೆ ಗುದ್ದಾಡಿದೆ. ಐದನೆಯ ದಿನ ಅದರ ಫೋಟೋ ತೆಗೆದು, ಬಹಳ ಹೊತ್ತು ನೋಡಿ, ಕಣ್ಣು ಮುಚ್ಚಿ ಮೇಡಂಗೆ ಕಳಿಸಿಬಿಟ್ಟೆ. ಊಟದ ಬಿಡುವಿನಲ್ಲಿ ಅವರೇ ಫೋನು ಮಾಡಿದರು. ಹಿಂದೆ ಮಕ್ಕಳ ಗದ್ದಲ.

"ಅರ್ಜಿ ಅದರೀ ಸರ್. ಬಾವಿ ಸಲುವಾಗಿ ತಹಶೀಲ್ದಾರ್ರಿಗೆ ಬರದದ್ದು. ಹೇಳ್ತೀನಿ, ಬರಕೊಳ್ರಿ."

ಬರೆದುಕೊಂಡೆ. ಆರು ವರ್ಷದಲ್ಲಿ ಅವರ ಪಾಠ ನಾನು ಕೇಳಿದ್ದು ಅದೇ ಮೊದಲು.

"ಕಡೀ ಸಾಲು ಬ್ಯಾಡೇನ್ರಿ?" ಎಂದರು.

"ಏನದ ಅದ್ರಾಗ?"

"ಅರ್ಜಿದಾರಗ ಓದಾಕ ಬರಂಗಿಲ್ಲ, ಓದಿ ಹೇಳಿದಾವ್ರು ಇಂಥವ್ರು ಅಂತ ಹೆಸರ್ ಹಾಕ್ಯಾರ್ರೀ. ಕೆಳಗ ಹೆಬ್ಬಟ್ಟು ಅದ." ಶಾಲೆಯ ಗಂಟೆ ಹೊಡೆಯಿತು. "ಬರ್ತೀನ್ರೀ ಸರ್, ಕ್ಲಾಸ್ ಅದ."

ನಮ್ಮ ವರದಿಯ ನಮೂನೆಯಲ್ಲಿ 'ದಾಖಲೆ ಓದಿದವರು' ಎಂದು ಒಂದು ಸಾಲಿದೆ. ಅಲ್ಲಿ ನನ್ನ ಹೆಸರು ಬರೆದೆ. ಪಕ್ಕದಲ್ಲಿ ಇನ್ನೊಂದು ಹೆಸರು ಹಿಡಿಸುವಷ್ಟು ಜಾಗ ಉಳಿದಿತ್ತು. ಸ್ವಲ್ಪ ಹೊತ್ತು ಯೋಚಿಸಿ, ಅದು ತುಂಬುವಂತೆ ದೊಡ್ಡದಾಗಿ ಸಹಿ ಮಾಡಿದೆ.